ಹೊಟ್ಟೆಯೊಳಗಿನ ಮರಳು

ಜನವರಿ ೯

ಸಮುದ್ರಜೀವಿ ವಿಭಾಗದ ಕ್ಯುರೇಟರ್ ಸಾಹೇಬರಿಗೆ,

ವಿತ್ ಡ್ಯೂ ರೆಸ್ಪೆಕ್ಟ್ ಬರೆದುಕೊಳ್ಳುವುದೇನೆಂದರೆ, ನಿಮ್ಮ ಮ್ಯೂಸಿಯಮ್ಮಿನಲ್ಲಿ ಹತ್ತೊಂಬತ್ತು ವರ್ಷ ದುಡಿದು, ಮೂರು ಸಲ ಬಿಸಿನೀರಿನ ಸಮುದ್ರಗಳ ಸರ್ವೆಗೆ ಹೋಗಿ, ಎರಡು ಸಾವಿರದ ಚಿಲ್ಲರೆ ಸೀಸೆಗಳಷ್ಟು ಬೆನ್ನೆಲುಬಿಲ್ಲದ ಪ್ರಾಣಿಗಳನ್ನು ಹಿಡಿದು ತಂದರಲ್ಲ, ಆ ಹಿಂದಿನ ಮೇಡಮ್ಮಿನ ಗಂಡ ನಾನು. ಅವಳು ಹೋಗಿ ಹನ್ನೊಂದು ತಿಂಗಳಾಯಿತು. ನಿಮ್ಮ ಕಡೆಯಿಂದ ಸಂತಾಪದ ಒಂದು ಸಾಲು ಬರಲಿಲ್ಲ. ಬೇಜಾರಿಲ್ಲ, ದೊಡ್ಡ ಸಂಸ್ಥೆಗಳಲ್ಲಿ ಟಪಾಲು ನಿಧಾನ, ನಾನೂ ಕಚೇರಿಯಲ್ಲಿ ಇದ್ದವನೇ.

ವಿಷಯಕ್ಕೆ ಬರುತ್ತೇನೆ. ಆ ಸೀಸೆಗಳನ್ನೆಲ್ಲ ಕತ್ತಲೆಕೋಣೆಯಿಂದ ಎತ್ತಿ, ಜನ ನೋಡುವ ಹಾಗೆ ಹೊಸ ಗ್ಯಾಲರಿಯಲ್ಲಿ ಇಡುತ್ತಿದ್ದೀರಂತೆ, ಪೇಪರಿನಲ್ಲಿ ಓದಿದೆ. ಗ್ಯಾಲರಿಗೆ ಇನ್ನೂ ಹೆಸರಿಟ್ಟಿಲ್ಲವಂತೆ. ಅವಳ ಹೆಸರಿಡಬೇಕೆಂದು ನನ್ನ ಅರ್ಜಿ. ಬಾಗಿಲ ಮೇಲೊಂದು ಬೋರ್ಡು, ಅಷ್ಟೇ.

ಇನ್ನೊಂದು ಸಣ್ಣ ವಿಚಾರ. ಪ್ರತಿ ಸೀಸೆಯೊಳಗೂ ಸ್ಪಿರಿಟ್ಟಿನಲ್ಲಿ ಮುಳುಗಿದ ಚೀಟಿ ಇದೆಯಲ್ಲ, ಯಾವ ಪ್ರಾಣಿ, ಎಲ್ಲಿ ಸಿಕ್ಕಿತು, ಎಷ್ಟು ಆಳ, ಯಾವ ದಿನ ಎಂದು, ಅವೆಲ್ಲ ನನ್ನ ಕೈಬರಹ. ಶಾಯಿ ಸ್ಪಿರಿಟ್ಟಿನಲ್ಲಿ ಕರಗಿಹೋಗುತ್ತದೆ, ಪೆನ್ಸಿಲ್ಲೇ ಆಗಬೇಕು. ಅವಳ ಅಕ್ಷರ ಕೋಳಿ ಕೆದರಿದ ಹಾಗೆ. ನಾನಾದರೋ ರಿಜಿಸ್ಟ್ರಾರ್ ಕಚೇರಿಯ ನಕಲು ಗುಮಾಸ್ತ. ಮೂವತ್ತೆರಡು ವರ್ಷ ಬೇರೆಯವರ ಮೂಲಪತ್ರ ನೋಡಿಕೊಂಡು ನಕಲು ಬರೆದವನು. ಮೂಲಕ್ಕೂ ನನ್ನ ನಕಲಿಗೂ ಒಂದಕ್ಷರ ವ್ಯತ್ಯಾಸ ತೋರಿಸಿ ಎಂದು ನಮ್ಮ ಸಾಹೇಬರು ಪಂಥ ಕಟ್ಟುತ್ತಿದ್ದರು. ಯಾರೂ ಗೆಲ್ಲಲಿಲ್ಲ. ಆದ್ದರಿಂದ ಉದ್ಘಾಟನೆಯ ದಿನ ಮುಂದಿನ ಸಾಲಿನಲ್ಲಿ ನನಗೊಂದು ಕುರ್ಚಿ ಇರಲಿ.

ಮೂರನೆಯ ಸರ್ವೆಯ ಆ ಹಳೆಯ ಗಲಾಟೆ ನಿಮ್ಮ ಕಿವಿಗೂ ಬಿದ್ದಿರಬಹುದು. ಅದನ್ನು ಮನಸ್ಸಿಗೆ ಹಚ್ಚಿಕೊಳ್ಳಬೇಡಿ. ಹೆಂಗಸು, ದಣಿದಿದ್ದಳು, ತಪ್ಪಿದಳು. ಕಟ್ಟಿಕೊಂಡ ನಾನೇ ಕ್ಷಮಿಸಿದ್ದೇನೆ.

ಐ ಹ್ಯಾವ್ ದಿ ಆನರ್ ಟು ಬಿ, ಮುಂದಿನದು ಮರೆತಿದೆ, ಕಾಲೇಜಿನ ಇಂಗ್ಲಿಷು.

ಅವಳ ಗಂಡ

*

ಜನವರಿ ೨೭

ಮಾನ್ಯರೇ,

ನಿಮ್ಮ ಅರ್ಜಿ ತಲುಪಿದೆ. ಗ್ಯಾಲರಿಯ ಹೆಸರನ್ನು ತೀರ್ಮಾನಿಸುವ ಸಮಿತಿ ಜುಲೈ ಮೊದಲ ವಾರ ಸೇರಲಿದೆ. ಒಂದು ತೊಡಕಿದೆ.

ಮೂರನೆಯ ಸರ್ವೆಯಲ್ಲಿ ಮೇಡಂ ಎರಡು ಕಡೆ ನೀರಿಗಿಳಿದಿದ್ದರು. ಒಂದು ಬಂದರಿನ ಪಕ್ಕದ ಹವಳದ ದಿಬ್ಬ, ಇನ್ನೊಂದು ಅಲ್ಲಿಂದ ದೋಣಿಯಲ್ಲಿ ಎರಡು ದಿನ ದೂರದ ದ್ವೀಪ. ದ್ವೀಪ ಬಿಟ್ಟರೆ ಬೇರೆಲ್ಲೂ ಇಲ್ಲವೆಂದು ಎಲ್ಲರೂ ತಿಳಿದಿದ್ದ ಪ್ರಾಣಿಗಳು ಬಂದರಿನಲ್ಲೇ, ಬಂದರಿನವು ದ್ವೀಪದಲ್ಲಿ ಸಿಕ್ಕಿವೆ ಎಂದು ಅರವತ್ತೊಂದು ಸೀಸೆಗಳ ಚೀಟಿಗಳು ಹೇಳಿದವು. ಆ ಚೀಟಿಗಳನ್ನು ನಂಬಿ ಅವರು ದೊಡ್ಡ ಲೇಖನ ಬರೆದರು. ಬೇರೆ ಎರಡು ತಂಡಗಳು ಬಂದರಿನಲ್ಲಿ ಮುಳುಗಿ ಹುಡುಕಿದರೆ ಅಲ್ಲಿ ಅವುಗಳ ಸುಳಿವೂ ಇರಲಿಲ್ಲ. ಹೆಸರು ಮಾಡುವ ಆಸೆಗೆ ಸುಳ್ಳು ಜಾಗ ಬರೆದರು ಎಂದು ವಿಚಾರಣೆಯಲ್ಲಿ ತೀರ್ಪಾಯಿತು. ಕೆಲಸ ಹೋಯಿತು. ಅದಾಗಿ ಇಪ್ಪತ್ತೊಂದು ವರ್ಷ. ಆ ತೀರ್ಪು ನಿಂತಿರುವ ತನಕ ಅವರ ಹೆಸರು ಇಲ್ಲಿ ಯಾವ ಬಾಗಿಲ ಮೇಲೂ ಬರಲಾರದು.

ತೀರ್ಪನ್ನು ಮತ್ತೆ ನೋಡಬೇಕಾದರೆ ಮೂಲ ದಾಖಲೆ ಬೇಕು. ಯಾವ ಸಂಖ್ಯೆಯ ಪ್ರಾಣಿ ಎಲ್ಲಿ ಸಿಕ್ಕಿತೆಂದು ಮೇಡಂ ದೋಣಿಯಲ್ಲೇ ಕೂತು ಬರೆದುಕೊಳ್ಳುತ್ತಿದ್ದ ಫೀಲ್ಡ್ ಪುಸ್ತಕವದು. ಮೂರನೆಯ ಸರ್ವೆಯದು ಆಗಲೇ ಕಳೆದುಹೋಗಿತ್ತಂತೆ. ನಿಮ್ಮ ಮನೆಯಲ್ಲಿ ಏನಾದರೂ ಉಳಿದಿದೆಯೇ?

ಅಂದಹಾಗೆ, ನಾನು ಸಾಹೇಬನಲ್ಲ. ಮೇಡಮ್ಮಿನ ಕೈಕೆಳಗೆ ಕಲಿಯುತ್ತಿದ್ದಾಗ ಭಾನುವಾರ ನಿಮ್ಮ ಮನೆಗೆ ಬರುತ್ತಿದ್ದವಳು. ನೀವು ನನಗೊಂದು ಅಡ್ಡಹೆಸರು ಇಟ್ಟಿದ್ದಿರಿ.

ಕ್ಯುರೇಟರ್

*

ಫೆಬ್ರವರಿ ೪

ಏಡಿಗೆ ಆಶೀರ್ವಾದಗಳು,

ನೀನಾ! ಪುಸ್ತಕದ ರಾಶಿಯ ನಡುವೆ ಅಡ್ಡಡ್ಡ ನಡೆದುಕೊಂಡು ಬಂದು ಕಿಟಕಿ ಪಕ್ಕದ ಸ್ಟೂಲಿನ ಮೇಲೆ ಕೂರುತ್ತಿದ್ದ ಏಡಿ! ಅಕ್ಕ ಅಕ್ಕ ಎಂದು ಅವಳ ಬಾಲ ಹಿಡಿದುಕೊಂಡಿದ್ದವಳು ಈಗ ಅವಳ ಕುರ್ಚಿಯಲ್ಲೇ ಕೂತಿದ್ದೀಯ. ಸಂತೋಷ. ಮಾನ್ಯರೇ ಗೀನ್ಯರೇ ಬಿಡು, ಮೊದಲಿನ ಹಾಗೆ ಭಾವ ಅನ್ನು. ನಮ್ಮ ಹುಡುಗಿಯೇ ಇದ್ದಮೇಲೆ ಬೋರ್ಡಿನ ಕೆಲಸ ಮುಗಿದ ಹಾಗೆಯೇ ಲೆಕ್ಕ.

ಆ ಪುಸ್ತಕ ಎಲ್ಲಿದೆ ಮಾರಾಯ್ತಿ. ಹಡಗಿನಿಂದ ಸಾಮಾನು ಇಳಿಸುವಾಗಲೇ ಕಳೆದುಕೊಂಡು ಬಂದಳು. ನಾನು ಅದರ ಮುಖ ಕೂಡ ನೋಡಿಲ್ಲ. ಅವಳ ಅಜಾಗರೂಕತೆ ನಿನಗೆ ಗೊತ್ತಿಲ್ಲದ್ದೇ? ಒಲೆ ಮೇಲೆ ಏನಾದರೂ ಇಟ್ಟು ನಕ್ಷತ್ರಮೀನಿನ ಕಾಲು ಎಣಿಸುತ್ತ ಕೂತರೆ ಪಕ್ಕದ ಮನೆಯವರು ಬಂದು ಹೊತ್ತಿದ ವಾಸನೆ ಎಂದು ಹೇಳಬೇಕಿತ್ತು. ಮಕ್ಕಳು ಆಗಲಿಲ್ಲ, ಸೀಸೆಗಳನ್ನೇ ಹೆತ್ತಳು ಎಂದು ನಾನು ನಾಲ್ಕು ಜನರೆದುರು ತಮಾಷೆ ಮಾಡುತ್ತಿದ್ದೆ. ಅವಳೂ ನಗುತ್ತಿದ್ದಳು.

ಕೆಲಸ ಹೋದಮೇಲೆ ನಮ್ಮ ಮನೆ ಮನೆಯಾಯಿತು ನೋಡು. ಬಿ.ಎ.ಯಲ್ಲಿ ನಮಗೊಂದು ಪ್ರಬಂಧ ಇತ್ತು, ಆನ್ ಡೊಮೆಸ್ಟಿಕ್ ಪೀಸ್ ಅಂತ, ಸಂಸಾರದ ನೆಮ್ಮದಿಯ ಮೇಲೆ, ಮೂವತ್ತೆಂಟು ಅಂಕ ಬಂದಿತ್ತು ನನಗೆ. ಅದರ ಅರ್ಥ ಗೊತ್ತಾದದ್ದು ಆಮೇಲಿನ ಇಪ್ಪತ್ತು ವರ್ಷದಲ್ಲಿ. ಎಲ್ಲಿಗೂ ಹೊರಡದ ಹೆಂಡತಿ, ಹೊತ್ತಿಗೆ ಸರಿಯಾಗಿ ಊಟ. ಮೊದಲ ವಾರವೇ ಅಡುಗೆಮನೆ ಡಬ್ಬಿಗಳನ್ನೆಲ್ಲ ತೊಳೆದು ಸಾಲಾಗಿ ಇಟ್ಟು, ಕಾಗದ ಪೆನ್ಸಿಲು ನನ್ನ ಮುಂದೆ ತಂದಿಟ್ಟಳು. "ನೀವೇ ಬರೀರಿ. ನಿಮ್ಮ ಅಕ್ಷರ ಚೆನ್ನಾಗಿದೆ." ನಾನು ದುಂಡಗೆ ಬರೆದು ಅಂಟಿಸಿದೆ, ಉಪ್ಪು, ಸಕ್ಕರೆ, ರವೆ, ಮೆಣಸು, ಇಪ್ಪತ್ಮೂರು ಡಬ್ಬಿ. ತಮಾಷೆ ಏನು ಗೊತ್ತೇ? ಪ್ರತಿ ಸಲವೂ ಡಬ್ಬಿ ತೆರೆದು, ಬೆರಳು ಅದ್ದಿ ನಾಲಿಗೆಗೆ ಹಚ್ಚಿ ನೋಡಿಯೇ ಹಾಕುವಳು. "ಉಪ್ಪು ಅಂತ ಬರೆದಿರೋದು ಕಾಣಲ್ವೇನೇ?" ಎಂದರೆ, "ಕಾಣುತ್ತೆ ರೀ. ಅದಕ್ಕೇ ನೋಡೋದು" ಅನ್ನುವಳು. ಹೇಗಿದೆ? ಇಪ್ಪತ್ತು ವರ್ಷ ಇದೇ. ಅವಳ ಮರೆಗುಳಿತನಕ್ಕೆ ಮಿತಿಯೇ ಇರಲಿಲ್ಲ. ಇಂಥವಳು ಸೀಸೆಗಳಲ್ಲಿ ಜಾಗ ತಪ್ಪಿಸಿದ್ದರಲ್ಲಿ ಏನಾಶ್ಚರ್ಯ ಹೇಳು.

ಬೋರ್ಡಿನಲ್ಲಿ ಅಕ್ಷರ ದೊಡ್ಡದಿರಲಿ.

ಭಾವ

*

ಮಾರ್ಚ್ ೨

ಭಾವನವರಿಗೆ,

ನಿಮ್ಮ ಕಾಗದ ಓದಿ ಆ ಕಿಟಕಿ ಪಕ್ಕದ ಸ್ಟೂಲು ನೆನಪಾಯಿತು. ಅದರ ಒಂದು ಕಾಲು ಗಿಡ್ಡ.

ಪುಸ್ತಕ ಇಲ್ಲವಾದರೆ ಬೇರೆ ದಾರಿ ಹುಡುಕಬೇಕು. ಚೀಟಿಗಳ ವಿಚಾರ ನಿಮ್ಮಷ್ಟು ಬಲ್ಲವರು ಈಗ ಯಾರೂ ಉಳಿದಿಲ್ಲ. ಅಕ್ಕ ಹಡಗಿಳಿದು ಬಂದಮೇಲೆ ಮನೆಯಲ್ಲಿ ಆ ಕೆಲಸ ಹೇಗೆ ನಡೆಯುತ್ತಿತ್ತು? ಯಾರು ಓದುತ್ತಿದ್ದರು, ಯಾರು ಬರೆಯುತ್ತಿದ್ದರು? ಮೊದಲ ಎರಡು ಸರ್ವೆಗಳ ಸೀಸೆಗಳಲ್ಲಿ ಎರಡೆರಡು ಚೀಟಿ ಇವೆ. ದೋಣಿಯಲ್ಲಿ ಅಕ್ಕ ಬರೆದ ಕೊಳೆ ಚೀಟಿ ಒಂದು, ನಿಮ್ಮ ಚೊಕ್ಕ ನಕಲು ಒಂದು. ನಮ್ಮಲ್ಲಿ ಅದೇ ಪದ್ಧತಿ, ಸೀಸೆಗೆ ಒಮ್ಮೆ ಹೋದ ಚೀಟಿಯನ್ನು ಯಾರೂ ತೆಗೆದು ಎಸೆಯುವಂತಿಲ್ಲ, ತಪ್ಪಿದ್ದರೂ ಸರಿ. ತಿದ್ದುವವರು ಇನ್ನೊಂದು ಚೀಟಿ ಬರೆದು ಪಕ್ಕದಲ್ಲಿ ಹಾಕಬೇಕು. ಈ ಅರವತ್ತೊಂದರಲ್ಲಿ ಮಾತ್ರ ನಿಮ್ಮದೊಂದೇ ಇದೆ. ಏಕೆಂದು ನೆನಪಿದೆಯೇ?

ಇಲ್ಲಿ ದಿನಕ್ಕೆ ನಾಲ್ಕೈದು ಸೀಸೆ ತೆರೆದು ಹಳೆಯ ಸ್ಪಿರಿಟ್ ಬದಲಿಸುತ್ತಿದ್ದೇವೆ. ಸ್ಪಿರಿಟ್ ಹಳದಿಯಾಗಿದೆ. ನಿಮ್ಮ ಅಕ್ಷರ ಮಾತ್ರ ನಿನ್ನೆ ಬರೆದ ಹಾಗಿದೆ.

ಏಡಿ

*

ಮಾರ್ಚ್ ೧೪

ಏಡಿಗೆ,

ಈ ಪ್ರಶ್ನೆಯನ್ನು ಇಷ್ಟು ವರ್ಷದಲ್ಲಿ ಒಬ್ಬರಾದರೂ ಕೇಳಲಿ ಎಂದು ಕಾಯುತ್ತಿದ್ದೆ. ವಿಚಾರಣೆಯಲ್ಲೂ ನನ್ನನ್ನು ಕರೆಯಲಿಲ್ಲ. ಗಂಡ ತಾನೇ, ಇವನಿಗೇನು ಗೊತ್ತು ಎಂದುಕೊಂಡರು.

ಊಟದ ಮೇಜಿನ ಮೇಲೆ ಹಳೆ ಬೆಡ್‌ಶೀಟು ಹಾಸುತ್ತಿದ್ದೆವು. ಎರಡು ತಟ್ಟೆ, ಎಡಗಡೆಯದು ಒಂದು ಜಾಗದ್ದು, ಬಲಗಡೆಯದು ಇನ್ನೊಂದು. ತಟ್ಟೆಯಲ್ಲಿ ಪ್ರಾಣಿಗಳ ಪೊಟ್ಟಣ, ಪೊಟ್ಟಣಕ್ಕೆ ದಾರದಲ್ಲಿ ಕಟ್ಟಿದ ಕೊಳೆ ಚೀಟಿ. ಅವಳು ಪ್ರಾಣಿಯನ್ನು ಸೀಸೆಗಿಳಿಸುವಳು, ನಾನು ನಕಲು ಬರೆದು ಒಳಗೆ ಬಿಡುವೆ. ಮನೆಯೆಲ್ಲ ಸ್ಪಿರಿಟ್ಟಿನ ವಾಸನೆ, ಊಟ ನೆಲದ ಮೇಲೆ.

ಮೂರನೆಯ ಸಲ ಅವಳಿಗೆ ಜ್ವರ, ಒಂದು ವಾರ ಮಲಗಿದ್ದಳು. ಪ್ರಾಣಿಗಳೆಲ್ಲ ಸೀಸೆಗೆ ಇಳಿದಾಗಿತ್ತು, ಚೀಟಿ ಮಾತ್ರ ಬಾಕಿ. ರಜೆ ಹಾಕಿ ನಾನೊಬ್ಬನೇ ಮುಗಿಸಿದೆ. ಕೊಳೆ ಚೀಟಿಗಳು ಗಬ್ಬು ನಾರುತ್ತಿದ್ದವು, ಚೊಕ್ಕವಾಗಿರಲಿ ಎಂದು ಹೊರಗೆ ಹಾಕಿದೆ. ಹಾಸಿಗೆಯಿಂದ ಎದ್ದವಳೇ ಕಸದ ಬುಟ್ಟಿ ಕೆದಕಿದಳು, ಒಂದೂ ಸಿಗಲಿಲ್ಲ. ಕೈ ತೊಳೆದುಕೊಂಡು ಬಂದು, "ಹೋಗ್ಲಿ, ನೀವು ಬರೆದಿದ್ದೀರಲ್ಲ" ಎಂದಳು. ಅಂಥ ನಂಬಿಕೆ ನನ್ನ ಕೈ ಮೇಲೆ.

ಒಳ್ಳೆಯ ಸರ್ವೆ ಅದು. ದ್ವೀಪದಲ್ಲಿ ಎಂಜಿನ್ ಕೆಟ್ಟು ದೋಣಿ ಅರ್ಧ ದಿನ ಸುಮ್ಮನೆ ತೇಲಿತ್ತು, ಕಡಲ ಸೌತೆಕಾಯಿ ಅನ್ನುತ್ತಾರಲ್ಲ, ಆ ಪ್ರಾಣಿ ಸಿಕ್ಕಿದ್ದು ಅವತ್ತೇ, ಹದಿನಾಲ್ಕು ಮಾರು ಆಳದಲ್ಲಿ. ಆ ಪುಟದ ಅಂಚಿನಲ್ಲಿ "ಇವರಿಗೆ ಮೆತ್ತನೆ ಪೆನ್ಸಿಲ್ ತರಬೇಕು" ಎಂದು ಗುರುತು ಹಾಕಿಕೊಂಡಿದ್ದಾಳೆ. ಸಮುದ್ರದ ಮಧ್ಯೆ ನನ್ನ ಪೆನ್ಸಿಲಿನ ಯೋಚನೆ! ತಂದಿದ್ದಳು ಕೂಡ, ಒಂದು ಡಜನ್.

ಮನೆಗೆ ಬಂದ ದಿನವೇ ಊಟಕ್ಕೆ ಕೂತಾಗ ಹೇಳಿದ್ದು, ನಾಲ್ಕನೆಯ ಸರ್ವೆಗೆ ತನ್ನನ್ನೇ ಮುಖ್ಯಸ್ಥೆ ಮಾಡಿದ್ದಾರೆ, ಹದಿನಾಲ್ಕು ತಿಂಗಳು ಎಂದು. ಹದಿನಾಲ್ಕು ವಾರವಲ್ಲ, ತಿಂಗಳು. ಪೆನ್ಸಿಲ್ ಕೈಗೆ ಕೊಟ್ಟು ಹೇಳಿದಳು. ನಾನು ಕೂಗಾಡುವ ಜಾತಿಯಲ್ಲ. ಒಳ್ಳೇದಾಯ್ತು ಎಂದೆ. ಆಮೇಲೆ ಅವಳಿಗೆ ಜ್ವರ ಬಂತು.

ಕುರ್ಚಿಗೆ ಕೈ ಇದ್ದರೆ ಅನುಕೂಲ. ಮಂಡಿ ನೋವು.

ಭಾವ

*

ಏಪ್ರಿಲ್ ೧

ಭಾವನವರಿಗೆ,

ವಿವರವಾಗಿ ಬರೆದದ್ದು ಉಪಕಾರವಾಯಿತು. ಎರಡು ಸಲ ಓದಿದೆ.

ಹಡಗಿನ ಕಟ್ಟೆಯಲ್ಲೇ ಕಳೆದುಹೋದ, ನೀವು ಮುಖವನ್ನೂ ನೋಡದ ಪುಸ್ತಕದ ಅಂಚಿನಲ್ಲಿ ಪೆನ್ಸಿಲ್ ತರಬೇಕೆಂದು ಬರೆದಿದ್ದು ನಿಮಗೆ ತಿಳಿದದ್ದು ಹೇಗೆ?

ಉತ್ತರ ಈಗಲೇ ಬೇಡ. ಯೋಚನೆ ಮಾಡಿ. ಅರವತ್ತೊಂದು ಚೀಟಿಗಳಲ್ಲಿ ಎಡತಟ್ಟೆಯದು ಬಲಕ್ಕೂ ಬಲತಟ್ಟೆಯದು ಎಡಕ್ಕೂ ಹೋಗಿದ್ದರೆ ಅದು ಯಾರಿಂದಾದರೂ ಆಗಬಹುದಾದ ತಪ್ಪು. ಆಯಿತು ಎಂದು ನೀವೇ ಎರಡು ಸಾಲು ಬರೆದು ಪುಸ್ತಕ ಕಳಿಸಿದರೆ ಸಾಕು. ಏಕೆ ಎಂದು ನಾನು ಕೇಳುವುದಿಲ್ಲ, ಸಮಿತಿಯೂ ಕೇಳದ ಹಾಗೆ ನೋಡಿಕೊಳ್ಳುತ್ತೇನೆ. ಅಕ್ಕನ ಹೆಸರು ಬಾಗಿಲ ಮೇಲೆ ಬರುತ್ತದೆ. ಮುಂದಿನ ಸಾಲಿನಲ್ಲಿ ನಿಮ್ಮ ಕುರ್ಚಿಯೂ ಇರುತ್ತದೆ.

ಇದಕ್ಕಿಂತ ಹೆಚ್ಚು ನನ್ನ ಕೈಯಲ್ಲಿಲ್ಲ.

ಏಡಿ

*

ಮೇ ೬

ಭಾವನವರಿಗೆ,

ಐದು ವಾರವಾಯಿತು. ಸಮಿತಿಗೆ ಕಾಗದಪತ್ರ ಸಿದ್ಧಮಾಡಲು ನನಗೆ ಎರಡು ತಿಂಗಳೂ ಉಳಿದಿಲ್ಲ. ಒಂದು ಕಾರ್ಡಾದರೂ ಬರೆಯಿರಿ.

ಏಡಿ

*

ಮೇ ೧೯

ಕ್ಯುರೇಟರ್ ಮೇಡಂ ಅವರಿಗೆ,

ನಾನು ಓದು ಬರಹ ಬಲ್ಲವನು. ಕೇಳುವವರು ಏನು ಕೇಳುತ್ತಿದ್ದಾರೆ ಎಂದು ತಿಳಿಯುವಷ್ಟು ಕಾಮನ್‌ಸೆನ್ಸು ಇದೆ. ಹೆಂಡತಿ ಸತ್ತವನ ಹತ್ತಿರ ಅಕ್ಕ ಭಾವ ಎಂದು ಬೆಣ್ಣೆ ಹಚ್ಚಿ ಬಾಯಿ ಬಿಡಿಸುವುದು ಯಾವ ಕಾಲೇಜಿನಲ್ಲಿ ಕಲಿಸಿದರೋ.

ಪುಸ್ತಕ ಇಲ್ಲ. ಪೆನ್ಸಿಲಿನ ಮಾತು ಅವಳೇ ಬಾಯಿಬಿಟ್ಟು ಹೇಳಿರಬಹುದು, ಮುದುಕನಿಗೆ ಕೇಳಿದ್ದು ಕಂಡ ಹಾಗಾಗುತ್ತದೆ.

ಮೋರೋವರ್, ತಾವು ಮಾತಾಡುವ ಮೊದಲು ಕನ್ನಡಿ ನೋಡಿಕೊಳ್ಳಿ. ವಿಚಾರಣೆಯ ದಿನ ಅವಳ ಪರವಾಗಿ ಒಂದು ಮಾತಾಡಲು ತಮ್ಮನ್ನೂ ಕರೆದಿದ್ದರು. ಗೊತ್ತಿಲ್ಲ ಎಂದಿರಂತೆ. ಮನೆಗೆ ಬಂದು ಅವಳೇ ಹೇಳಿದಳು, ಏಡಿ ಗೊತ್ತಿಲ್ಲ ಅಂದಳು ಎಂದು. ಆರು ತಿಂಗಳಲ್ಲಿ ತಾವು ಅವಳ ಕೋಣೆಗೆ ಬಂದಿರಿ. ಅವಳ ಕುರ್ಚಿ ಬೆಚ್ಚಗಿತ್ತೇ?

ಈ ರಗಳೆ ಮುಗಿಯಲಿ ಎಂದು ಕೆಳಗಿನದನ್ನು ಬರೆದು ಸಹಿ ಮಾಡಿದ್ದೇನೆ. ಸಮಿತಿಯ ಮುಂದೆ ಇದನ್ನೇ ಇಡಿ.

"ಮೃತಳ ಗಂಡನಾದ ನಾನು ಸ್ವಸಂತೋಷದಿಂದ, ಯಾರ ಒತ್ತಾಯವೂ ಇಲ್ಲದೆ ಬರೆದುಕೊಡುವುದೇನೆಂದರೆ, ಮೂರನೆಯ ಸರ್ವೆಯ ಸದರಿ ಅರವತ್ತೊಂದು ಚೀಟಿಗಳಲ್ಲಿನ ಜಾಗಗಳನ್ನು ನನ್ನ ಹೆಂಡತಿಯೇ ಬಾಯಲ್ಲಿ ಹೇಳಿ ಬರೆಸಿದ್ದು. ಹೀಗೆ ಬರೆದರೆ ಹೆಸರು ಬರುತ್ತದೆಂದು ಆಕೆಯೇ ನನ್ನ ಮುಂದೆ ಅಂದದ್ದುಂಟು. ಆಕೆಯ ಮೇಲಿನ ತೀರ್ಪು ನ್ಯಾಯವಾಗಿದೆ."

ಬೋರ್ಡೂ ಬೇಡ, ಕುರ್ಚಿಯೂ ಬೇಡ. ಅರ್ಜಿ ವಾಪಸು.

ಇಂತಿ, ಮೇಲೆ ಸಹಿ ಮಾಡಿದವನು

*

ಜೂನ್ ೩

ಚೀಟಿ ಬರೆದವರಿಗೆ,

ನಿಮ್ಮ ಹೇಳಿಕೆ ಕಡತಕ್ಕೆ ಸೇರಿದೆ. ಅದಕ್ಕೂ ಮೊದಲಿನ ನಿಮ್ಮ ಮೂರು ಕಾಗದಗಳೂ ಸೇರಿವೆ. ಪುಸ್ತಕ ಇನ್ನು ನಮಗೆ ಬೇಕಾಗಿಲ್ಲ.

ಜನವರಿ ಇಪ್ಪತ್ತರಂದು, ಅಂದರೆ ನಿಮಗೆ ಮೊದಲ ಉತ್ತರ ಬರೆಯುವುದಕ್ಕೆ ಒಂದು ವಾರ ಮುಂಚೆ, ಮೂವತ್ತೇಳನೆಯ ಸೀಸೆ ತೆರೆದೆ. ಕಡಲ ಸೌತೆಕಾಯಿ. ಅದು ತಾನಿರುವ ಜಾಗದ ಮರಳನ್ನು ನುಂಗುತ್ತ ಬದುಕುವ ಪ್ರಾಣಿ. ಸತ್ತರೂ ಮರಳು ಹೊಟ್ಟೆಯಲ್ಲೇ ಇರುತ್ತದೆ. ಬಂದರಿನ ಮರಳು ಕಪ್ಪು, ದ್ವೀಪದ್ದು ಬಿಳಿ. ನಿಮ್ಮ ಚೀಟಿ ಬಂದರು ಎನ್ನುತ್ತದೆ, ಮಾರ್ಚಿನ ನಿಮ್ಮ ಕಾಗದ ದ್ವೀಪ ಎನ್ನುತ್ತದೆ.

ಅದರ ಹೊಟ್ಟೆಯನ್ನು ಯಾರೋ ಮೊದಲೇ ಕೊಯ್ದು, ಕಪ್ಪು ದಾರದಲ್ಲಿ ಮೂರು ಹೊಲಿಗೆ ಹಾಕಿದ್ದರು. ಬಿಚ್ಚಿದೆ. ಒಳಗೆ ಬಿಳಿ ಮರಳು, ಮರಳಿನ ನಡುವೆ ಸುರುಳಿ ಸುತ್ತಿದ ಕಾಗದ. ಅಕ್ಕನ ಕೋಳಿ ಕೆದರಿದ ಅಕ್ಷರ, ಮೆತ್ತನೆ ಪೆನ್ಸಿಲು. ವಿಚಾರಣೆಯ ಹಿಂದಿನ ದಿನದ ತಾರೀಖು. ಇದ್ದದ್ದು ಇದ್ದ ಹಾಗೆ ನಕಲು ಮಾಡುತ್ತೇನೆ:

"ಇದು ದ್ವೀಪದ್ದು. ಅರವತ್ತೊಂದೂ ಅದಲುಬದಲು. ಮರಳು ನೋಡಿ, ಚೀಟಿ ನಂಬಬೇಡಿ. ಬರೆದ ಕೈ ತಪ್ಪುವ ಕೈಯಲ್ಲ. ಅವರು ಇರುವ ತನಕ ಇದನ್ನು ಹೊರಗೆ ತರಬೇಡಿ."

ಹೌದು, ನಾನು ಗೊತ್ತಿಲ್ಲ ಎಂದೆ. ಚೀಟಿ ಯಾರು ಬರೆದದ್ದೆಂದು ಕೇಳಿದರು. ನಿಮ್ಮ ಮೇಜಿನ ಮುಂದೆ ನಿಮ್ಮನ್ನು ಎಷ್ಟೋ ಭಾನುವಾರ ಕಂಡವಳು ನಾನು. ಬಾಯಿ ತೆರೆಯುವ ಮುಂಚೆ ಅಕ್ಕ ನನ್ನ ಕಡೆ ನೋಡಿ ಬೇಡ ಎಂದು ತಲೆಯಾಡಿಸಿದರು. ಏಕೆಂದು ತಿಳಿಯಲು ನನಗೆ ಇಪ್ಪತ್ತೊಂದು ವರ್ಷ ಬೇಕಾಯಿತು. ಕುರ್ಚಿ ಬೆಚ್ಚಗಿರಲಿಲ್ಲ. ಇವತ್ತಿಗೂ ಇಲ್ಲ.

ನೀವಿರುವ ತನಕ ಬೇಡ ಎಂದಿದ್ದಾರೆ. ಆ ಮಾತನ್ನೂ ಉಳಿಸಬೇಕು, ಹೆಸರನ್ನೂ ಉಳಿಸಬೇಕು. ಅದಕ್ಕೆ ದಾರಿ ಒಂದೇ ಇತ್ತು, ನೀವೇ ಹೇಳುವುದು. ಏಪ್ರಿಲ್ಲಿನಲ್ಲಿ ಬಾಗಿಲು ತೆರೆದಿಟ್ಟು ಕಾದೆ. ನೀವು ಸತ್ತವರ ಮೇಲೆ ಇನ್ನೊಂದು ಸುಳ್ಳು ಚೀಟಿ ಬರೆದು ಸಹಿ ಹಾಕಿ ಕಳಿಸಿದಿರಿ. ಆದ್ದರಿಂದ ಅಕ್ಕನ ಮಾತು ಮೀರುತ್ತಿದ್ದೇನೆ. ಪಾಪ ಬಂದರೆ ನನಗೇ ಬರಲಿ.

ಉಳಿದ ಎರಡು ಸೌತೆಕಾಯಿಗಳನ್ನೂ ಸಾಕ್ಷಿಗಳ ಎದುರು ಕೊಯ್ದದ್ದಾಗಿದೆ. ಅವುಗಳ ಮರಳೂ ಚೀಟಿ ಹೇಳಿದ್ದಕ್ಕೆ ಉಲ್ಟಾ. ಹಳೆಯ ತೀರ್ಪು ಬಿದ್ದುಹೋಗುತ್ತದೆ, ಅನುಮಾನವಿಲ್ಲ. ಹೆಸರು ಬಾಗಿಲ ಮೇಲೆ ಬರುತ್ತದೆ, ನೀವು ಕೇಳಿದ ಹಾಗೆ ದೊಡ್ಡ ಅಕ್ಷರದಲ್ಲಿ. ಬಾಗಿಲಿಗೆ ನೇರವಾಗಿ ಮೂವತ್ತೇಳನೆಯ ಸೀಸೆ ಇಡುತ್ತಿದ್ದೇವೆ. ಅದರಲ್ಲಿ ಮೂರು ಚೀಟಿ ಇರುತ್ತವೆ: ನಿಮ್ಮದು, ಅಕ್ಕನದು, ಯಾವುದು ಸುಳ್ಳೆಂದು ತಿಳಿಸುವ ನನ್ನದು. ನಿಮ್ಮದನ್ನು ತೆಗೆಯುವ ಹಾಗಿಲ್ಲ. ನಮ್ಮ ಪದ್ಧತಿ ಹೇಳಿದ್ದೇನಲ್ಲ. ಈ ಕಟ್ಟಡ ಇರುವ ತನಕ ನಿಮ್ಮ ಅಕ್ಷರ ಇರುತ್ತದೆ.

ಅರ್ಜಿ ವಾಪಸು ಕೊಡುವ ನಿಯಮ ನಮ್ಮಲ್ಲಿಲ್ಲ. ಜುಲೈ ಇಪ್ಪತ್ತೆರಡು, ಬೆಳಿಗ್ಗೆ ಹತ್ತೂವರೆ. ಮುಂದಿನ ಸಾಲಿನಲ್ಲಿ ಕೈ ಇರುವ ಕುರ್ಚಿ ಹಾಕಿಸಿದ್ದೇನೆ, ಆ ಸೀಸೆಗೆ ಎದುರಾಗಿ.

ಕ್ಯುರೇಟರ್

*

ಜುಲೈ ೨೯

ಏಡಿಗೆ,

ಬಂದಿದ್ದೆ. ನೀನು ನೋಡಿದ್ದೀಯ, ಮಾತಾಡಿಸಲಿಲ್ಲ. ಸರಿಯೇ.

ಕುರ್ಚಿ ಚೆನ್ನಾಗಿತ್ತು. ಭಾಷಣ ಮುಗಿದಮೇಲೆ ಶಾಲೆಯ ಮಕ್ಕಳನ್ನು ಬಿಟ್ಟರಲ್ಲ, ಒಂದು ಹುಡುಗಿ ಗಾಜಿಗೆ ಮೂಗು ಒತ್ತಿಕೊಂಡು ನನ್ನ ಚೀಟಿಯನ್ನು ಗಟ್ಟಿಯಾಗಿ ಓದಿತು. ತಡವರಿಸದೆ 'ಬಂದರು' ಎಂದು ಓದಿತು. ಅವರ ಟೀಚರು, "ನೋಡಿದ್ಯಾ, ಎಷ್ಟು ದುಂಡಗೆ ಬರೆದಿದಾರೆ. ನೀನೂ ಹೀಗೆ ಬರಿಬೇಕು" ಎಂದರು. ಆಮೇಲೆ ನಿನ್ನ ಚೀಟಿ ಓದಿದರು. ಓದಿ ಮಕ್ಕಳನ್ನು ಮುಂದಕ್ಕೆ ಕರೆದುಕೊಂಡು ಹೋದರು. ನಾನು ಪಕ್ಕದಲ್ಲೇ ಕೂತಿದ್ದೆ, ಯಾರು ಎಂದು ಯಾರಿಗೂ ಗೊತ್ತಿರಲಿಲ್ಲ. ನನ್ನ ಹೆಸರನ್ನು ನೀನು ಬರೆದಿಲ್ಲ, 'ಗಂಡ' ಎಂದಷ್ಟೇ ಇದೆ. ಉಪಕಾರವೋ ಅಲ್ಲವೋ ತಿಳಿಯಲಿಲ್ಲ.

ಪುಸ್ತಕ ಬೇಡ ಎಂದಿದ್ದೀಯ. ಆದರೂ ಕಳಿಸುತ್ತಿದ್ದೇನೆ. ಅಡುಗೆಮನೆಯ ಅಟ್ಟದ ಮೇಲೆ, ತಳ ತೂತಾದ ಹಳೆಯ ಹಂಡೆಯೊಳಗೆ ನ್ಯೂಸ್‌ಪೇಪರಿನಲ್ಲಿ ಸುತ್ತಿ ನಾನೇ ಇಟ್ಟಿದ್ದೆ. ಆ ಹದಿನಾಲ್ಕು ತಿಂಗಳ ಮಾತು ಬಂದ ಮಾರನೆಯ ದಿನ. ಇಟ್ಟಮೇಲೆ ಒಂದು ಸಲವೂ ಅತ್ತ ಕೈ ಹಾಕಿರಲಿಲ್ಲ. ನಿನ್ನೆ ಪಕ್ಕದ ಮನೆಯವರ ಏಣಿ ತಂದು ಹತ್ತಿದೆ.

ನ್ಯೂಸ್‌ಪೇಪರು ಇರಲಿಲ್ಲ. ಅವಳ ಹಳೆಯ ಬಿಳಿ ಸೀರೆಯ ತುಂಡಿನಲ್ಲಿ ಸುತ್ತಿ ಇಟ್ಟಿತ್ತು. ಬಾಯಿಗೆ ಕಪ್ಪು ದಾರದಲ್ಲಿ ಮೂರು ಹೊಲಿಗೆ. ಒಳಗೆ ನುಸಿಗುಳಿಗೆ, ಕೆಲವು ಸವೆದು ಸಾಸಿವೆಯಷ್ಟಾಗಿವೆ, ಎರಡು ಮಾತ್ರ ಇನ್ನೂ ಗೋಲಿಯಷ್ಟಿವೆ. ವರ್ಷ ವರ್ಷ ಬದಲಿಸಿದ್ದಾಳೆ ಎಂದು ಕಾಣುತ್ತದೆ. ಒಂದು ಪುಟಕ್ಕೂ ಹುಳು ಬಿದ್ದಿಲ್ಲ.

ಅಂದರೆ ಅವಳಿಗೆ ಅದು ಎಲ್ಲಿದೆ ಎಂದು ಗೊತ್ತಿತ್ತು. ಇಳಿಸಿ ನಿನ್ನ ಕೈಗೆ ಕೊಟ್ಟಿದ್ದರೆ ಯಾವತ್ತೋ ಮತ್ತೆ ಹಡಗು ಹತ್ತಬಹುದಿತ್ತು. ಇಳಿಸಲಿಲ್ಲ. ಅದರ ಕೆಳಗೆ ನಿಂತು ದಿನಕ್ಕೆರಡು ಹೊತ್ತು ನನಗೆ ಅಡುಗೆ ಮಾಡಿದಳು. ನನ್ನ ಮುಖ ನೋಡಿಕೊಂಡು ಬಡಿಸಿದಳು. ಇನ್ನೊಂಚೂರು ಹಾಕಲಾ ಎಂದು ಕೇಳುತ್ತಿದ್ದಳು. ಅದನ್ನು ನಾನು ಡೊಮೆಸ್ಟಿಕ್ ಪೀಸ್ ಎಂದುಕೊಂಡಿದ್ದೆ.

ಕ್ಷಮೆ ಕೇಳೋಣವೆಂದು ಈ ಕಾಗದ ಶುರುಮಾಡಿದ್ದು. ಯಾರನ್ನು ಕೇಳುವುದೋ ಗೊತ್ತಾಗುತ್ತಿಲ್ಲ. ನೀನು ಕೊಡುವುದಿಲ್ಲ, ಕೊಡಬೇಡ.

ಇವತ್ತು ಬೆಳಿಗ್ಗೆ ಗಂಜಿಗಿಟ್ಟೆ. ಎದುರಿಗೆ ಇಪ್ಪತ್ಮೂರು ಡಬ್ಬಿ, ಎಲ್ಲದರ ಮೇಲೂ ನನ್ನ ಅಕ್ಷರ. ಉಪ್ಪು ಎಂದು ಬರೆದ ಡಬ್ಬಿ ತೆಗೆದುಕೊಂಡೆ, ಚಮಚ ಅದ್ದಿದೆ, ಪಾತ್ರೆಯ ತನಕ ಹೋದ ಕೈ ಅಲ್ಲೇ ನಿಂತಿತು. ವಾಪಸು ತಂದು ಬೆರಳಿಗೆ ಹಚ್ಚಿ ನಾಲಿಗೆಗಿಟ್ಟು ನೋಡಿದೆ. ಉಪ್ಪೇ.

ಪಕ್ಕದ್ದು ತೆರೆದೆ. ಸಕ್ಕರೆ. ಅದರ ಪಕ್ಕದ್ದು ತೆರೆದೆ. ಗಂಜಿ ತಳ ಹಿಡಿದು ವಾಸನೆ ಬಂದಾಗ ಹನ್ನೊಂದನೆಯ ಡಬ್ಬಿಯಲ್ಲಿದ್ದೆ. ಒಲೆ ಆರಿಸಿ ಬಂದು, ಎಲ್ಲಿ ಬಿಟ್ಟಿದ್ದೆ ಎಂದು ಮರೆತು, ಮತ್ತೆ ಉಪ್ಪಿನಿಂದ ಶುರುಮಾಡಿದೆ.